ಮಲಾಕಿ ತೋರಿಸಿದ ಮನೆ

ಹಿರೀಕರನ್ನು ಹುಡುಕಿಕೊಂಡು ಅಮೆರಿಕದಿಂದ ಬಂದವರಿಗೆ ‘ಗೊತ್ತಿಲ್ಲ’ ಎಂದು ಹೇಳಿ ಕಳಿಸುವುದು ಕ್ಲೂನ್‌ಬ್ರಾಕ್ ಊರಿನವರ ಜಾಯಮಾನವಲ್ಲ. ಆಲೂಗಡ್ಡೆ ಕೊಳೆತ ಬರಗಾಲದಲ್ಲಿ ಹಡಗು ಹತ್ತಿದವರ ಮರಿಮೊಮ್ಮಕ್ಕಳು ಬೇಸಿಗೆ ಬಂತೆಂದರೆ ಬಾಡಿಗೆ ಕಾರು ಮಾಡಿಕೊಂಡು ಬರುತ್ತಾರೆ. ರಸ್ತೆಯ ತಪ್ಪು ಬದಿಯಲ್ಲಿ ಓಡಿಸಿ ಅರ್ಧ ಊರಿನ ಜೀವ ತೆಗೆಯುತ್ತಾರೆ. ಕೆಳಗಿಳಿದು ಕಣ್ಣಲ್ಲಿ ನೀರು ತುಂಬಿಕೊಂಡು, ‘ನಾವು ರುವಾನ್ ಮನೆತನದವರು’ ಎನ್ನುತ್ತಾರೆ. ಪಾಪ, ಅಲ್ಲಿ ಕಲ್ಲೆಸೆದರೆ ರುವಾನನಿಗೇ ತಾಗುತ್ತದೆ ಎಂದು ಅವರಿಗೇನು ಗೊತ್ತು? ಅದಕ್ಕೇ ಊರವರು ಮನೆಗೊಂದು ಅಡ್ಡಹೆಸರು ಇಟ್ಟುಕೊಂಡಿದ್ದಾರೆ. ಕೆಂಪು ರುವಾನರು, ಗಿರಣಿ ರುವಾನರು, ನೇಕಾರ ರುವಾನರು. ಅಮೆರಿಕಕ್ಕೆ ಹೋದವರು ಈ ಹೆಸರುಗಳನ್ನು ಇಲ್ಲೇ ಬಿಟ್ಟು ಹೋದರು. ಬಂದವರು ಯಾವ ಮನೆಯವರೆಂದು ಎಳೆ ಬಿಡಿಸಿ ಹೇಳಲು ಊರಿಗೆ ಒಬ್ಬ ಬೇಕಿತ್ತು. ಬಹಳ ಕಾಲ ಆ ಒಬ್ಬ ಮಲಾಕಿ ರುವಾನ್ ಆಗಿದ್ದ.

ಮಲಾಕಿ ತೀರಿಹೋಗಿ ಆರು ವರ್ಷವಾಗಿದೆ. ಈಗಲೂ ಊರಿನಲ್ಲಿ ಬೇಲಿಯ ಜಗಳವೋ ಸಮಾಧಿಯ ಜಾಗದ ಜಗಳವೋ ಬಂದರೆ, ‘ಮಲಾಕಿ ಹೀಗೆ ಹೇಳಿದ್ದ’ ಎಂದರೆ ಮುಗಿಯಿತು, ಎರಡನೆಯ ಮಾತಿಲ್ಲ. ಅವನ ಮಗಳು ಆಟ್ರಾಕ್ಟಾ ಅಂಗಡಿಗೆ ಹೋದರೆ ಇಂದಿಗೂ ‘ಮಲಾಕಿ ಮಗಳು’ ಎಂದೇ ಕರೆಯುತ್ತಾರೆ. ಅವಳಿಗೀಗ ಅರವತ್ತರ ಹತ್ತಿರ, ಆದರೂ ಆ ಮಾತು ಕೇಳಿದರೆ ಬೆನ್ನು ನೆಟ್ಟಗಾಗುತ್ತದೆ.

ಇಂಥ ಮಲಾಕಿ ಒಂದು ಸುಳ್ಳು ಹೇಳಿದ್ದ. ಅದು ಗೊತ್ತಿದ್ದದ್ದು ಆಟ್ರಾಕ್ಟಾಳಿಗೆ, ಅವಳ ಗಂಡ ಫೆಸ್ಟಸನಿಗೆ, ಮತ್ತೆ ದೇವರಿಗೆ.

ಬಹಳ ಹಿಂದೆ ಒಂದು ಅಕ್ಟೋಬರಿನಲ್ಲಿ, ಆಕಾಶವೇ ಹರಿದು ಬೀಳುವಂಥ ಮಳೆಯಲ್ಲಿ, ವಿಸ್ಕಾನ್ಸಿನ್‌ನಿಂದ ಲೊರೆಟಾ ಎಂಬ ಹೆಂಗಸು ಬಂದಿದ್ದಳು. ಅವಳ ಜೊತೆಯವರ ಬಸ್ಸು ಬಲಿನಾ ಪೇಟೆಯಲ್ಲಿ ಕಾಯುತ್ತಿತ್ತು, ಹೊತ್ತು ಹೆಚ್ಚಿರಲಿಲ್ಲ. ಮಲಾಕಿ ನಾಲ್ಕು ಪ್ರಶ್ನೆ ಕೇಳಿ, ಅವಳು ನೇಕಾರ ರುವಾನರವಳೆಂದು ಗುರುತು ಹಿಡಿದ. ಅದರಲ್ಲಿ ಸುಳ್ಳಿಲ್ಲ. ಆದರೆ ನೇಕಾರರ ಮನೆ ಎಲ್ಲಿತ್ತು? ಬಾಡಿಗೆ ಕಟ್ಟಲಿಲ್ಲವೆಂದು ಜಮೀನ್ದಾರನ ಆಳುಗಳು ಅದನ್ನು ನೆಲಸಮ ಮಾಡಿದ್ದರು, ಕಲ್ಲನ್ನು ಅವನ ತೋಟದ ಗೋಡೆಗೆ ಹಾಕಿದ್ದರು. ಆಮೇಲೆ ಅರಣ್ಯದವರು ಅಲ್ಲೆಲ್ಲ ಸ್ಪ್ರೂಸ್ ಮರ ನೆಟ್ಟರು. ಹಗಲಲ್ಲೂ ನಾಯಿ ಕೂಡ ಒಳಗೆ ಹೋಗದಂಥ ಕತ್ತಲೆ. ಮಲಾಕಿ ಆ ಹೆಂಗಸಿನ ಮುಖ ನೋಡಿದ, ಮಳೆ ನೋಡಿದ, ಕೊನೆಗೆ ತನ್ನ ಹಿತ್ತಲಿನ ಹಳೇ ದನದ ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ‘ಇದೇ ಕಣಮ್ಮ ನಿಮ್ಮ ಮನೆ’ ಎಂದುಬಿಟ್ಟ.

ಆ ಕೊಟ್ಟಿಗೆಯನ್ನು ಕಟ್ಟಿದವನು ಮಲಾಕಿಯ ಅಪ್ಪ. ಕಲ್ಲು ಹೊತ್ತವನು ಸ್ವತಃ ಮಲಾಕಿ. ನೇಕಾರರು ಹಡಗು ಹತ್ತಿ ಆಗಲೇ ನೂರು ವರ್ಷವಾಗಿತ್ತು.

ಅವತ್ತು ಸಂಜೆ ಒಲೆಯ ಮುಂದೆ ಕೂತು ಅವನು ಮಗಳಿಗೆ ಹೇಳಿದ್ದ: “ಸಮುದ್ರ ದಾಟಿ ಬಂದೋಳಿಗೆ ಮರ ತೋರಿಸಿ ಕಳಿಸ್ಲೇನೇ? ಗೋಡೆಗೆ ಹಣೆ ಇಟ್ಟು ಅತ್ತಳು. ನೋಡೋಕಾಗ್ಲಿಲ್ಲ ಕಣೇ. ಪಾಪ, ನಂಬಿದಳು ಅಂತ ಕಾಣುತ್ತೆ. ನಂಬಿದ್ರೆ ಸಾಕು.”

ಆಮೇಲೆ ಆ ಮಾತು ಅವರ ಮನೆಯಲ್ಲಿ ಏಳಲಿಲ್ಲ. ಎದ್ದದ್ದು ಈ ಮೇ ತಿಂಗಳಲ್ಲಿ, ಲೊರೆಟಾಳ ಮಗಳು ಮಾರ್ಲಿನ್ ಫೋನು ಮಾಡಿದಾಗ. ಅಮ್ಮ ತೀರಿಕೊಂಡಳು, ಅವಳ ಬೂದಿಯನ್ನು ಮಲಾಕಿ ತೋರಿಸಿದ ಮನೆಯಲ್ಲೇ ಹಾಕಬೇಕೆಂದು ಹೇಳಿ ಹೋಗಿದ್ದಾಳೆ, ಮುಂದಿನ ಗುರುವಾರ ಬರುತ್ತೇನೆ, ತೊಂದರೆ ಇಲ್ಲ ತಾನೇ?

“ಅಯ್ಯೋ, ಎಂಥ ತೊಂದರೆ, ಬನ್ನಿ ಬನ್ನಿ,” ಎಂದಳು ಆಟ್ರಾಕ್ಟಾ. ಕ್ಲೂನ್‌ಬ್ರಾಕಿನವರ ಬಾಯಿಗೆ ಬೇರೆ ಮಾತು ಬರುವುದಿಲ್ಲ. ಫೋನು ಇಟ್ಟ ಮೇಲೆ ಕುರ್ಚಿ ಎಳೆದುಕೊಂಡು ಕೂತುಬಿಟ್ಟಳು.

“ಏನಾಯ್ತೇ, ಯಾರು ಹೋದ್ರು?” ಎಂದ ಫೆಸ್ಟಸ್.

ಅವಳು ಹೇಳಿದಳು. ಫೆಸ್ಟಸ್ ಟೋಪಿ ತೆಗೆದು ತಲೆ ಕೆರೆದುಕೊಂಡ. “ಅಲ್ಲಿ ಮಣಕ ಕಟ್ಟಿದೀನಲ್ಲ. ಗಬ್ಬದ್ದು. ಈಗಲೋ ಆಗಲೋ ಅಂತಿದೆ.”

“ನಿನ್ನ ಮಣಕಕ್ಕಿಷ್ಟು! ನಾನೇನು ಮಾಡ್ಲಿ ಹೇಳು. ಒಬ್ಬರ ತಾಯಿಯನ್ನ ದನದ ಕೊಟ್ಟಿಗೇಲಿ ಸುರಿಸ್ಕೊಂಡು ಸುಮ್ನೆ ನಿಂತ್ಕೊಳ್ಳಲಾ?”

“ಏಸು ಸ್ವಾಮಿ ಹುಟ್ಟಿದ್ದು ಎಲ್ಲಿ? ಅವನಿಗಿಲ್ಲದ ಮರ್ಯಾದೆ ಅವಳಿಗೆ ಬೇಕಾ?”

“ತಮಾಷೆ ಸಾಕು.”

“ಸರಿ, ತಮಾಷೆ ಬೇಡ. ಹೇಳಿದ್ರೆ ಏನಾಗುತ್ತೆ? ಆ ಮಗಳ ಮನಸ್ಸು ಮುರಿಯುತ್ತೆ. ನಿಮ್ಮಪ್ಪನ ಹೆಸರಿಗೆ ಮಸಿ ಬೀಳುತ್ತೆ. ಇವತ್ತು ಅವಳಿಗೆ ಗೊತ್ತಾದ್ದು ನಾಳೆ ಊರಿಗೇ ಗೊತ್ತು. ಸುಮ್ನಿದ್ರೆ ಯಾರಿಗೇನು ನಷ್ಟ? ಸತ್ತವಳು ಎದ್ದು ಬಂದು ಕೇಳ್ತಾಳಾ?”

ಅದೇ ಆಟ್ರಾಕ್ಟಾಳನ್ನು ಕುಟುಕಿದ್ದು. ಬದುಕಿದ್ದವಳಿಗೆ ಸುಳ್ಳು ಹೇಳಿ ಸಂತೋಷ ಕೊಡಬಹುದು, ಅವಳು ಅದನ್ನು ಮನೆಗೆ ತೆಗೆದುಕೊಂಡು ಹೋಗುತ್ತಾಳೆ. ಸತ್ತವಳನ್ನು ಸುಳ್ಳಿನಲ್ಲಿ ಹೂಳಿದರೆ? ತನ್ನವರ ನೆಲ ಸೇರಬೇಕೆಂದು ಕೊನೆಯುಸಿರಲ್ಲಿ ಕೇಳಿದವಳು ಬೇರೆಯವರ ಗಂಜಲದ ಮೋರಿಯಲ್ಲಿ ಬಿದ್ದಿರಬೇಕೇ? ಹೇಳಿದರೆ ಅಪ್ಪನ ಹೆಸರು ಹೋಗುತ್ತದೆ, ಹೇಳದಿದ್ದರೆ ಅವಳ ಆಸೆ ಮಣ್ಣಾಗುತ್ತದೆ. ಅಪ್ಪನ ಮೇಲೆ ಅವಳಿಗೆ ಪ್ರಾಣ. ಆದರೂ ಆ ವಾರವೆಲ್ಲ ಅವಳು ರೊಟ್ಟಿ ನಾದುತ್ತ ಅವನನ್ನು ಬೈದಳು, ಬೈದು ಮತ್ತೆ ಅವನಿಗಾಗಿ ಪ್ರಾರ್ಥನೆ ಮಾಡಿದಳು.

ಗುರುವಾರ ಬೆಳಿಗ್ಗೆ ಗಂಡ ಎಲ್ಲೂ ಕಾಣಲಿಲ್ಲ. ಹಿತ್ತಲಿಗೆ ಹೋಗಿ ನೋಡಿದರೆ ಮಣಕ ಹೊರಗೆ ಸೇಬಿನ ಮರಕ್ಕೆ ಕಟ್ಟಿಸಿಕೊಂಡು ಮುಖ ಊದಿಸಿಕೊಂಡು ನಿಂತಿದೆ. ಒಳಗೆ ಫೆಸ್ಟಸ್ ಬೆವರು ಸುರಿಸುತ್ತಿದ್ದಾನೆ. ಗೋಡೆಗೆಲ್ಲ ಸುಣ್ಣ ಬಳಿದಿದ್ದ. ದನ ಕಟ್ಟುವ ಬಳೆಗೆ ಹಳೇ ಲಾಟೀನು ನೇತುಹಾಕಿದ್ದ. ಗೋದಲಿಯ ಮೇಲೆ ಹಲಗೆ ಹಾಸಿ ಅದರ ಮೇಲೊಂದು ಒಡಕು ತಟ್ಟೆ, ಮೇರಿ ಮಾತೆಯ ಪಟ. ಗಂಜಲದ ಮೋರಿಯ ಉದ್ದಕ್ಕೂ ಹೊಸ ಹುಲ್ಲು ಹರಡಿ ಮುಚ್ಚಿದ್ದ.

“ಇದೇನೋ ನಿನ್ನ ಅವತಾರ!”

“ಹೇಗಿದೆ? ನೂರೈವತ್ತು ವರ್ಷದ ಹಿಂದಿನ ಮನೆ ಥರಾ ಇಲ್ವಾ?”

“ನೂರೈವತ್ತು ವರ್ಷದ ಹಿಂದಿನ ಸುಣ್ಣ ಇನ್ನೂ ಕೈಗೆ ಅಂಟ್ತಿದೆ! ಒಂದು ಸುಳ್ಳೇ ನನಗೆ ಹೊರೋಕಾಗ್ತಿಲ್ಲ, ನೀನದಕ್ಕೆ ಶೃಂಗಾರ ಬೇರೆ ಮಾಡ್ತಿದೀಯಾ?”

ಫೆಸ್ಟಸ್ ಬ್ರಷ್ಷು ಕೆಳಗಿಟ್ಟ. “ನಿಮ್ಮಪ್ಪ ನನಗೆ ಹೆಣ್ಣು ಕೊಟ್ಟೋನು ಕಣೇ,” ಎಂದ ಮೆಲ್ಲಗೆ. “ಆಗ ನನ್ನ ಹತ್ರ ಒಂದು ಸೈಕಲ್ಲೂ ಇರ್ಲಿಲ್ಲ. ಅವನ ಮಾತು ಉಳಿಸೋಕೆ ಒಂದು ಗೋಡೆಗೆ ಸುಣ್ಣ ಬಳೀಬಾರ್ದಾ?”

ಆಟ್ರಾಕ್ಟಾ ಅವನ ಕೆನ್ನೆಗೆ ಅಂಟಿದ ಸುಣ್ಣವನ್ನು ಮುಂಗೈಯಿಂದ ಒರೆಸಿ ಒಳಗೆ ಹೋದಳು.

ಮಾರ್ಲಿನ್ ಮಧ್ಯಾಹ್ನ ಬಂದಳು. ಆಟ್ರಾಕ್ಟಾಳ ವಯಸ್ಸಿನವಳೇ, ಅಗಲ ಭುಜ, ದೊಡ್ಡ ಕೈ, ಮಾತಿಗೆ ಮುಂಚೆ ನಗುವ ಮುಖ. ಹೆಗಲಲ್ಲಿ ಹೆಣೆದ ಚೀಲ, ಚೀಲದಲ್ಲಿ ಒಂದು ಮರದ ಪೆಟ್ಟಿಗೆ. ಅದನ್ನು ಮೇಜಿನ ಮೇಲೆ ಸಕ್ಕರೆ ಡಬ್ಬಿಯ ಪಕ್ಕ ಇಟ್ಟು, “ಅವತ್ತು ನಿಮ್ಮನೇಲಿ ಕುಡಿದ ಚಹಾನ ಅಮ್ಮ ಸಾಯೋವರೆಗೂ ಹೊಗಳ್ತಿದ್ಳು,” ಎಂದಳು.

ಆಟ್ರಾಕ್ಟಾ ಚಹಾ ಕೊಟ್ಟಳು, ರೊಟ್ಟಿ ಕೊಟ್ಟಳು, ಬೆಣ್ಣೆ ಹಚ್ಚಿಕೊಟ್ಟಳು, ಸಾಕು ಎಂದರೂ ಮತ್ತೆ ಚಹಾ ಬಗ್ಗಿಸಿದಳು. ಬಾಯಿ ತೆರೆದಾಗಲೆಲ್ಲ ಹೇಳಬೇಕಾದ ಮಾತು ‘ಇನ್ನೊಂದು ಚೂರು ತಗೊಳ್ಳಿ’ ಎಂದಾಗುತ್ತಿತ್ತು. ಮಾರ್ಲಿನ್ ಪಾಪ ಐದು ಚೂರು ತಿಂದಳು.

ಕೊನೆಗೆ ಮೂವರೂ ಹಿತ್ತಲಿಗೆ ನಡೆದರು. ಮಾರ್ಲಿನ್ ಬಾಗಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿದಳು. ಸುಣ್ಣ ನೋಡಿದಳು, ಲಾಟೀನು ನೋಡಿದಳು, ಮೇರಿ ಮಾತೆಯನ್ನು ನೋಡಿದಳು. ಹೊರಗೆ ಮಣಕ ಒಮ್ಮೆ ಕೂಗಿತು. ಫೆಸ್ಟಸ್ ಜೋರಾಗಿ ಕೆಮ್ಮಿದ. ಮಾರ್ಲಿನ್ ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದಳು.

“ತಡೀರಿ,” ಎಂದಳು ಆಟ್ರಾಕ್ಟಾ. ಅವಳ ಧ್ವನಿ ಅವಳಿಗೇ ಗುರುತು ಸಿಗಲಿಲ್ಲ. “ತೆಗೀಬೇಡಿ. ಇದು ನಿಮ್ಮೋರ ಮನೆ ಅಲ್ಲ. ಇದು ದನದ ಕೊಟ್ಟಿಗೆ. ನಮ್ಮಜ್ಜ ಕಟ್ಟಿದ್ದು. ನಿಮ್ಮೋರ ಮನೆ ಆಗಲೇ ನೆಲಸಮ ಆಗಿತ್ತು, ಆ ಜಾಗ ಅಗೋ ಆ ಕಾಡಿನೊಳಗಿದೆ, ಒಂದು ಕಲ್ಲೂ ಉಳಿದಿಲ್ಲ. ನಮ್ಮಪ್ಪ ನಿಮ್ಮಮ್ಮಂಗೆ ಸುಳ್ಳು ಹೇಳ್ದ. ಅವನು ಕೆಟ್ಟೋನಲ್ಲ. ಅವನಂಥ ಮನುಷ್ಯ ಈ ಸೀಮೇಲೇ ಇರ್ಲಿಲ್ಲ. ಆದ್ರೆ ಸುಳ್ಳು ಸುಳ್ಳೇ. ನಿಮ್ಮಮ್ಮ ನಂಬಿದ್ರು. ಅವರನ್ನ ಇಲ್ಲಿ ಹಾಕೋಕೆ ನನ್ನ ಮನಸ್ಸು ಒಪ್ತಿಲ್ಲ.”

ಹೇಳಿ ಮುಗಿಸಿ ನೆಲ ನೋಡಿದಳು. ಈಗ ಈ ಹೆಂಗಸು ಅಳುತ್ತಾಳೆ, ಇಲ್ಲ ಬೈಯುತ್ತಾಳೆ, ಯಾವುದಾದರೂ ಸರಿ, ಬೇಗ ಆಗಿಹೋಗಲಿ ಎಂದುಕೊಂಡಳು.

ಮಾರ್ಲಿನ್ ಬೂಟಿನ ತುದಿಯಿಂದ ನೆಲದ ಹುಲ್ಲನ್ನು ಸ್ವಲ್ಪ ಸರಿಸಿದಳು. ಕೆಳಗೆ ಮೋರಿ ಕಂಡಿತು. “ನಮ್ಮದು ಹೈನಿನ ಮನೆ,” ಎಂದಳು. “ಅಮ್ಮ ಎಂಟನೇ ವಯಸ್ಸಿಂದ ಹಾಲು ಕರೆದೋಳು. ಸಾಯೋ ಹಿಂದಿನ ವರ್ಷದವರೆಗೂ ಕೊಟ್ಟಿಗೆ ಬಿಟ್ಟೋಳಲ್ಲ. ಗೋದಲಿ ಯಾವುದು ಮಂಚ ಯಾವುದು ಅಂತ ಅವಳಿಗೆ ಗೊತ್ತಾಗಲ್ವಾ?”

ಆಟ್ರಾಕ್ಟಾ ತಲೆ ಎತ್ತಿದಳು. “ಅಂದ್ರೆ?”

“ಬಾಗಿಲಿಗೆ ಬಂದ ತಕ್ಷಣ ಗೊತ್ತಾಯ್ತಂತೆ. ಇನ್ನೇನು ನಗಬೇಕು, ಅಷ್ಟ್ರಲ್ಲಿ ನಿಮ್ಮಪ್ಪನ ಕಾಲು ನೋಡಿದ್ಳಂತೆ. ಸೂರು ಸೋರಿ ಮೋರಿ ತುಂಬ ನೀರು ಹರೀತಿತ್ತಂತೆ. ಅವಳಿಗೆ ಮೋರಿ ಕಾಣಿಸಬಾರ್ದು ಅಂತ ಆ ಮನುಷ್ಯ ಹೋಗಿ ಅದರೊಳಗೇ ನಿಂತ್ನಂತೆ, ಎರಡೂ ಕಾಲು ಹಾಕಿ. ಚರ್ಚಿಗೆ ಹಾಕೋ ಒಳ್ಳೇ ಬೂಟು. ಗಂಜಲದ ನೀರಲ್ಲಿ ನಿಂತ್ಕೊಂಡು, ಇಲ್ಲಿ ನಿಮ್ಮ ಒಲೆ ಇತ್ತಮ್ಮ, ಇಲ್ಲಿ ನಿಮ್ಮಜ್ಜಿ ತೊಟ್ಟಿಲು ಇತ್ತಮ್ಮ ಅಂತ ಒಂದೊಂದೇ ತೋರಿಸಿದ್ನಂತೆ. ಅಮ್ಮ ಅತ್ತಿದ್ದು ಅದಕ್ಕೆ. ಅವನ ಬೂಟು ನೋಡಿದ್ದಕ್ಕೆ.”

ಆಟ್ರಾಕ್ಟಾಳಿಗೆ ಆ ಬೂಟು ನೆನಪಾಯಿತು. ಆ ಸಂಜೆ ಅದಕ್ಕೆ ಪೇಪರು ತುರುಕಿ ಒಲೆಯ ಹತ್ತಿರ ಇಟ್ಟವಳು ಅವಳೇ. ಭಾನುವಾರದ ಬೂಟು ಹಾಕಿಕೊಂಡು ಎಲ್ಲಿ ಸಗಣಿ ತುಳಿದುಬಂದೆ ಎಂದು ಬಾಯಿಗೆ ಬಂದಂತೆ ಬೈದಿದ್ದಳು. ಅಪ್ಪ ಮೋರಿಯ ಸುದ್ದಿ ಎತ್ತದೆ ಬೈಗುಳ ತಿಂದಿದ್ದ.

“ವಾಪಸ್ ನಮ್ಮೂರಿಗೆ ಬಂದು ನನಗೆ ಹೇಳಿದ್ಳು,” ಎಂದಳು ಮಾರ್ಲಿನ್. “ನಮ್ಮೋರನ್ನ ಹುಡುಕ್ಕೊಂಡು ಹೋಗಿದ್ದೆ, ಸಿಕ್ಕಿದ್ರು ಕಣೇ ಅಂತ. ನನ್ನ ಸಂತೋಷಕ್ಕೆ ಹೊಲಸು ನೀರಲ್ಲಿ ನಿಲ್ಲೋನು ನನ್ನೋನಲ್ದೆ ಇನ್ಯಾರು ಅಂತ. ಒಲೆ ಇತ್ತು ಅಂದ ಕಡೆ ನನ್ನ ಹಾಕಬೇಡ, ತೊಟ್ಟಿಲು ಇತ್ತು ಅಂದ ಕಡೆಯೂ ಬೇಡ, ಅವನು ನಿಂತಿದ್ದ ಕಡೆ ಹಾಕು ಅಂದ್ಳು.”

ಆಟ್ರಾಕ್ಟಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಇಷ್ಟು ವರ್ಷ ಅಪ್ಪನ ಹೆಸರಿಗೆ ಒಂದು ಕಲೆ ಇದೆ ಎಂದು ಸೆರಗಿನಲ್ಲಿ ಕೆಂಡ ಕಟ್ಟಿಕೊಂಡಂತೆ ಓಡಾಡಿದವಳು ಅವಳು. ಈಗ ಅವನ ಮೇಲೆ ಪ್ರೀತಿ ಉಕ್ಕಿ ಬಂತು, ತಡೆಯಲು ಆಗಲಿಲ್ಲ, ತಡೆಯಲೂ ಇಲ್ಲ.

“ಅಲ್ಲ ಕಣೇ,” ಎಂದಳು ಬಿಕ್ಕುತ್ತ. ‘ನೀವು’ ಹೋಗಿ ‘ನೀನು’ ಬಂದದ್ದು ಅವಳ ಗಮನಕ್ಕೆ ಬರಲಿಲ್ಲ. “ಅಪ್ಪಂಗೆ ಒಂದೇ ಒಂದು ಮಾತು ಹೇಳಬಾರ್ದಿತ್ತಾ ನಿಮ್ಮಮ್ಮ? ಅವಳು ನಂಬಿದಳು ಅಂದ್ಕೊಂಡೇ ಸತ್ತನಲ್ಲೇ ಅವನು.”

“ಹೇಗೆ ಹೇಳ್ತಾಳೆ? ಅಷ್ಟು ಕಷ್ಟಪಟ್ಟು ಮನೆ ತೋರಿಸಿದೋನಿಗೆ ಬೇಜಾರಾಗಲ್ವಾ? ನಾನು ನಂಬಿದೆ ಅಂತ ಅವನು ನಂಬಿದ, ಅಷ್ಟು ಸಾಕು ಅಂತಿದ್ಳು.”

ಫೆಸ್ಟಸ್ ಟೋಪಿ ತೆಗೆದು ಬಗಲಲ್ಲಿ ಇಟ್ಟುಕೊಂಡು, ತಾನೇ ಹರಡಿದ್ದ ಹುಲ್ಲನ್ನು ಬಾಚಿ ಮೂಲೆಗೆ ಹಾಕಿದ. ಮೋರಿ ಒಣಗಿತ್ತು. ಮಾರ್ಲಿನ್ ಮೊಣಕಾಲೂರಿ ಕೂತು ಪೆಟ್ಟಿಗೆ ಬಗ್ಗಿಸಿದಳು. ಆಟ್ರಾಕ್ಟಾ ಪಕ್ಕದಲ್ಲೇ ಕೂತು ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡಿದ್ದಳು. ಬೂದಿ ಬಹಳ ಇರಲಿಲ್ಲ. ಮೂವರೂ ಶಿಲುಬೆ ಗುರುತು ಮಾಡಿ ಪ್ರಾರ್ಥನೆ ಹೇಳಿದರು. ಆಮೇಲೆ ಯಾರಿಗೂ ಏಳಲು ಮನಸ್ಸಾಗಲಿಲ್ಲ.

“ಪಾಪ ಆ ನಿಮ್ಮಮ್ಮ,” ಎಂದ ಫೆಸ್ಟಸ್ ಕೊನೆಗೆ, ಮೂಗು ಒರೆಸಿಕೊಳ್ಳುತ್ತ. “ಅಲ್ಲಿ ಮೇಲೆ ಮಲಾಕಿ ಇಷ್ಟೊತ್ತಿಗೆ ಅವಳ ಕೈ ಹಿಡ್ಕೊಂಡು ಇನ್ಯಾವ ಕೊಟ್ಟಿಗೆ ತೋರಿಸ್ತಿದಾನೋ.”

“ತೋರಿಸ್ಲಿ ಬಿಡಿ,” ಎಂದಳು ಮಾರ್ಲಿನ್, ಅಳುತ್ತಲೇ ನಕ್ಕು. “ಅಮ್ಮ ಅದನ್ನೂ ಹೌದು ಅಂತಾಳೆ.”