ಸ್ಕೂಲ್ ರಸ್ತೆಯ ಬನ್ನಿ

ಸಿದ್ದೇಶ ಹೇಳಿದ ಮಾತು ನಿಜವಾಗಿತ್ತು. ಕಷ್ಟ ಶುರುವಾದದ್ದೇ ಅಲ್ಲಿಂದ.

ಹೋದ ವರ್ಷ ದಸರೆಗೆ ಅಬುಧಾಬಿಯ ನಮ್ಮ ಉತ್ತರ ಕರ್ನಾಟಕದ ಮಂದಿ ಪಾರ್ಕಿನಲ್ಲಿ ಸೇರಿದಾಗ, ಊರಿಂದ ವಿಮಾನದಲ್ಲಿ ಬಂದ ಬನ್ನಿ ಎಲೆ ಬಾಡಿಹೋಗಿತ್ತು. "ಊರಿಂದ ಯಾಕ ತರಸ್ತೀರಿ? ಇಲ್ಲೇ ಮರಳಾಗ ಬನ್ನಿ ಬೆಳೀತದ. ಅರಬರು ಗಾಫ್ ಅಂತಾರ, ಅಷ್ಟ" ಅಂದ ಸಿದ್ದೇಶ. ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಹೊನ್ನಪ್ಪ ಎಲ್ಲರೆದುರು ನಕ್ಕುಬಿಟ್ಟ. "ಬುರುಡಿ ಬಿಡಬ್ಯಾಡೋ, ಸುಳ್ಳಬುರಕ!" ಸಿದ್ದೇಶನಿಗೆ ಮೊದಲ ವೀಸಾ ಕೊಡಿಸಿದವನೇ ಹೊನ್ನಪ್ಪ, ಅಣ್ಣನಂಥವನು. ಅವನ ಬಾಯಲ್ಲೇ ಆ ಮಾತು ಬಂದಿತ್ತು. ಅಂದಿನಿಂದ ಇಬ್ಬರ ನಡುವೆ ಮಾತುಕತೆ ಖಲಾಸ್.

ಈ ವರ್ಷ ಬನ್ನಿ ತರುವ ಕೆಲಸವನ್ನು ಸಿದ್ದೇಶ ಹಟಕ್ಕೆ ಬಿದ್ದು ವಹಿಸಿಕೊಂಡ. ಗಾಫ್ ಮರದ ಟೊಂಗೆ ಮುರಿಯುವಂತಿಲ್ಲ, ಕಾನೂನಿದೆ. ಆದರೆ ಮರುಭೂಮಿಯ ತನಕ ಹೋಗಿ ಬುಡದಲ್ಲಿ ಉದುರಿದ ನಾಲ್ಕು ಎಲೆ ಆರಿಸಬಹುದಿತ್ತು. ಮಹಾರಾಯ ಹೋಗಲಿಲ್ಲ. ಇವತ್ತು ಮೀಟಿಂಗು, ನಾಳೆ ಬಿಸಿಲು ಎನ್ನುತ್ತಲೇ ಹಬ್ಬ ಬಂದುಬಿಟ್ಟಿತು.

ಖಲೀಫಾ ಸಿಟಿಯಲ್ಲಿ ಸಿದ್ದೇಶನ ಮಗಳು ಅಕ್ಷರಾಳ ಸ್ಕೂಲಿನ ಮುಂದೆ ಸಾಲಾಗಿ ಗುಲ್‌ಮೊಹರ್ ನೆಟ್ಟಿದ್ದಾರೆ. ನಮ್ಮ ಹಾಗೆಯೇ ಹೊರಗಿನಿಂದ ಬಂದು ರಸ್ತೆಬದಿ ನಿಂತ ಮರ. ಅಕ್ಟೋಬರಿನಲ್ಲಿ ಹೂವಿಲ್ಲ, ಬರೀ ಸಣ್ಣ ಸಣ್ಣ ಎಲೆ. ನೋಡಿದರೆ ಬನ್ನಿಯೇ ಅನ್ನಬೇಕು. ಮಗಳನ್ನು ಕರೆತರಲು ಹೋದವನು ಅತ್ತಿತ್ತ ನೋಡಿ ಎರಡು ಟೊಂಗೆ ಮುರಿದು ಡಿಕ್ಕಿಗೆ ಹಾಕಿಕೊಂಡ.

ಬನ್ನಿ ಕೊಡಲು ಕಿರಿಯರು ಹಿರಿಯರ ಹತ್ತಿರ ಹೋಗುವುದು ರೂಢಿ. ಆ ಸಂಜೆ ಪಾರ್ಕಿನಲ್ಲಿ ಸಿದ್ದೇಶನ ಕೈಯಲ್ಲಿದ್ದ ಹಸಿರು ಟೊಂಗೆ ಕಂಡು ಹೊನ್ನಪ್ಪನೇ ಇವನ ಹತ್ತಿರ ನಡೆದು ಬಂದ.

"ನೀ ಖರೇನ ಹೇಳಿದ್ದಿ. ನಾನ ಎಲ್ಲಾರ ಮುಂದ ನಿನಗ ಸುಳ್ಳಬುರಕ ಅಂದೆ. ತಪ್ಪಾತು ತಮ್ಮಾ." ಅವನ ಕಣ್ಣು ತುಂಬಿತ್ತು. "ಕೊಡು. ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು."

ಹೇಳಬೇಕು, ಈಗಲೇ ಹೇಳಬೇಕು ಅಂತ ಸಿದ್ದೇಶನ ಜೀವ ಒದ್ದಾಡಿತು. ಆದರೂ ನಾಚಿಕೆಯಿಂದ ಸುಡುತ್ತಲೇ ಎಲೆ ಕೊಟ್ಟು, ಬಾಗಿ ಕಾಲು ಮುಟ್ಟಿದ. ಹೊನ್ನಪ್ಪ ಎಲೆಯನ್ನು ಕಣ್ಣಿಗೊತ್ತಿಕೊಂಡು ಅಂಗಿಯ ಜೇಬಿಗಿಟ್ಟ.

"ಪಪ್ಪಾ, ದಟ್ಸ್ ಗುಲ್‌ಮೊಹರ್" ಅಂದಳು ಪಕ್ಕದಲ್ಲಿದ್ದ ಅಕ್ಷರಾ. "ಯೂ ಬ್ರೋಕ್ ಇಟ್ ನಿಯರ್ ಮೈ ಸ್ಕೂಲ್."

"ಸುಳ್ಳ ಹೇಳಬ್ಯಾಡ!" ಸಿದ್ದೇಶ ಗದರಿಬಿಟ್ಟ.

ಹೊನ್ನಪ್ಪ ಅವಳ ತಲೆ ಸವರಿದ. "ಹಂಗನಬಾರದವ್ವಾ. ನಿಮ್ಮಪ್ಪ ಸುಳ್ಳ ಹೇಳಾಂವ ಅಲ್ಲ. ನಾ ಹಂಗಂದು ಒಂದ ವರ್ಷ ನಿದ್ದಿಗೆಟ್ಟೀನಿ."

ಅಕ್ಷರಾ ಅಪ್ಪನ ಮುಖ ನೋಡಿದಳು. ಅಪ್ಪ ಏನಾದರೂ ಅಂದಾನೆಂದು ಕಾದಳು. ಅವನು ಕೈಯಲ್ಲಿದ್ದ ಟೊಂಗೆಯನ್ನೇ ನೋಡುತ್ತ ನಿಂತಿದ್ದ. ಆಮೇಲೆ ಅವಳು ಹೊನ್ನಪ್ಪನ ಕಡೆ ತಿರುಗಿ, ತನಗೆ ಬರುವಷ್ಟು ಕನ್ನಡದಲ್ಲಿ ಅಂದಳು:

"ಸಾರಿ ಕಾಕಾ. ನಾನು ಸುಳ್ಳು ಹೇಳಿದೆ."