ಎರಡು ಇಪ್ಪತ್ತರ ಸಂದೇಶ

“ನೀವೇ ಒಂದು ಮಾತು ಏಳಿ ಕಣಪ್ಪಾ. ನಿಮ್ ಮಾತ ಅಂವ ತಗ್ದಾಕಕಿಲ್ಲ,” ಎಂದು ಚಿಕ್ಕಬಸಮ್ಮ ದನಿ ತಗ್ಗಿಸಿ ಹೇಳಿದಳು. ಮಾತಾಡುವಾಗಲೂ ಅವಳ ಕೈ ಬಾಳೆಎಲೆ ಒರೆಸುವುದನ್ನು ಬಿಟ್ಟಿರಲಿಲ್ಲ. ಅಡುಗೆಮನೆಯ ಹೊಸ್ತಿಲ ಬಳಿ ಚಂದ್ರಕುಮಾರ್ ಕಾಫಿ ಲೋಟ ಹಿಡಿದು ನಿಂತಿದ್ದ.

“ಯಾರಿಗೆ ಹೇಳ್ಲವ್ವಾ?”

“ಇನ್ಯಾರ್ಗ? ನನ್ ಚಿಕ್ಕ ಮಗಂಗ, ನಿಮ್ ಶಶಿಗ. ಅವರಪ್ಪ ಸತ್ತು ಮೂರು ವರ್ಸ. ಆವತ್ತಿಂದ ಅಣ್ಣನ ಕೂಟ ಮಾತಿಲ್ಲ ಕತೆಯಿಲ್ಲ. ರಜಕ ಬತ್ತನ, ಒಂದೇ ಮನೇಲಿ ಇರ್ತನ, ಅಣ್ಣ ಉಂಡೆದ್ದ ಮೇಲ ಬಂದು ಉಣ್ತನ. ನಾನು ಎಲ್ಡೆಲ್ಡು ಸಲ ಬಡುಸ್ತೀನಿ. ಅಷ್ಟೇಯ ನನ್ ಬಾಳು.”

“ಯಾಕೆ, ಏನಾಯ್ತು?”

“ಅಪ್ಪನ ಸುದ್ದಿಯ ತಡವಾಗಿ ಕಳುಸ್ದ ಅಂತ. ಆಸ್ಪತ್ರಗ ಸೇರ್ಸಿದ ದಿನ್ವೇ, ಬೆಳಗ್ಗೇನೇ ನೇವಿ ಆಪೀಸ್ಗ ಫೋನ್ ಮಾಡ್ದಿ ಅಂತ ದೊಡ್ಡೋನು ಆಣೆ ಇಡ್ತನ. ಬೆಳಗ್ಗ ಮಾಡಿದ್ರ ನನಗ್ಯಾಕ ಸಂಜೆ ನಾಕೂವರೆ ಮೇಲ ಬಂತು ಅಂತ ಇಂವ. ನೀವು ಆ ಅಡಗ್ನಲ್ಲೇ ಇದ್ದೋರು. ಇಬ್ರನೂ ಕೂರುಸ್ಕಂಡು ಒಂದು ಮಾತು ಏಳಿ.”

ಚಂದ್ರಕುಮಾರ್ ಲೋಟವನ್ನು ಗೋಡೆಯ ಗೂಡಿನಲ್ಲಿ ಇಟ್ಟ. ಕಾಫಿಗೆ ಆಗಲೇ ಕೆನೆ ಕಟ್ಟಿತ್ತು. ಈ ವಿಷಯ ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬರುತ್ತಿದ್ದನೋ ಇಲ್ಲವೋ ಎಂಬುದೂ ಅವನಿಗೆ ಖಚಿತವಿರಲಿಲ್ಲ.

ನೌಕಾಪಡೆಯಲ್ಲಿ ಇಪ್ಪತ್ತು ವರ್ಷ ರೇಡಿಯೋ ಕೊಠಡಿಯಲ್ಲಿ ಕೂತವನು ಅವನು. ಈಗ ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಬಸ್ಸುಗಳು ಬಂದು ಹೋಗುವ ಹೊತ್ತನ್ನು ಪುಸ್ತಕದಲ್ಲಿ ಬರೆಯುವ ಕೆಲಸ. ಎರಡು ನಿಮಿಷ ತಡವಾದರೆ ಎರಡು ನಿಮಿಷ ಎಂದೇ ಬರೆಯುತ್ತಿದ್ದ. “ಎಲ್ಡ್ ನಿಮಿಷ ತಾನೇ, ಬುಡಿ ಸಾ, ಊರು ಮುಳುಗೋಯ್ತದಾ?” ಎಂದು ಡ್ರೈವರುಗಳು ಗೇಲಿ ಮಾಡಿದರೂ ತಿದ್ದುತ್ತಿರಲಿಲ್ಲ. ಹಡಗಿನಲ್ಲಿ ಜೊತೆಗಿದ್ದ ಶಶಿಕುಮಾರ ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ, ಅಪ್ಪನಿಗೆ ಎಡೆ ಇಡುವ ದಿನಕ್ಕೆ, ಅವನನ್ನು ತನ್ನೂರು ತೆರಕಣಾಂಬಿಗೆ ಕರೆಯುತ್ತಿದ್ದ. ಅವನು ಪ್ರತಿ ವರ್ಷ ಡ್ಯೂಟಿಯ ನೆಪ ಹೇಳುತ್ತಿದ್ದ. ಈ ಸಲ ಹೆಂಡತಿ ವನಿತಾ ಬಿಡಲಿಲ್ಲ. “ಆ ಹುಡುಗನ ಕಷ್ಟದಲ್ಲಿ ಜೊತೆಗಿದ್ದೋರು ನೀವು. ಅಷ್ಟು ವಿಶ್ವಾಸದಿಂದ ಕರೀತಾನೆ. ಅರ್ಧ ಗಂಟೆ ದಾರಿ, ಹೋಗದೆ ಇದ್ರೆ ಏನಂದ್ಕೊತಾರೆ?” ಎಂದು ಬಾಳೆಹಣ್ಣಿನ ಚೀಲ ಕೈಗಿಟ್ಟು ಕಳಿಸಿದ್ದಳು.

ಹೊರಗೆ ಜಗಲಿಯ ಮೇಲೆ ಪಕ್ಕದ ಮನೆಯ ಮುದುಕ ಚಿಕ್ಕಮಾದಯ್ಯ ಅವನಿಗಾಗಿಯೇ ಕಾಯುತ್ತಿದ್ದ.

“ಬನ್ನಿ ಸಾ, ಕೂತ್ಕಳಿ. ಅಲ್ಲ, ಆ ಇಮಾನದ ಅಡಗು ನಮ್ಮ ಸಂತೆಮಾಳದಷ್ಟು ದೊಡ್ಡದು ಅಂತನ ಈ ಶಶಿ. ದಿಟ್ವಾ?”

“ಅದಕ್ಕಿಂತ ದೊಡ್ಡದು ಅಜ್ಜ.”

“ಇಬ್ರೂ ಸೇರ್ಕಂಡು ಬುಡ್ತಾ ಇದ್ದರಿ ಬುಡಿ. ಅಷ್ಟು ದೊಡ್ಡದು ಒಂದೇ ಓದ್ರ ಯಾರಾದ್ರೂ ಒಡೆದಾಕಕಿಲ್ವಾ?”

“ಒಂದೇ ಓಗಲ್ಲ ಕಣಜ್ಜ,” ಎಂದು ಶಶಿಕುಮಾರ ನಗುತ್ತ ಕೆಳಗೆ ಕೂತ. ಮೊರದಲ್ಲಿದ್ದ ಅವರೆಕಾಳನ್ನು ನೆಲದ ಮೇಲೆ ಜೋಡಿಸತೊಡಗಿದ. ನಡುವೆ ಒಂದು ಅಡಿಕೆ ಇಟ್ಟ. “ಇದು ನಮ್ಮದು. ಸುತ್ತ ಇವು ಕಾವಲು ಅಡಗು. ಇದು ಎಣ್ಣೆ ತರೋದು. ನೀರೊಳಗ ಒಂದು ಓಯ್ತಾ ಇರ್ತದ, ಅದ ನಾವೂ ಕಾಣಾಕಿಲ್ಲ. ಒಂದೊಂದಕ್ಕೂ ಒಬ್ಬೊಬ್ಬ ಕ್ಯಾಪ್ಟನ್, ಎಲ್ಲಾರ್ಗೂ ಮೇಲ ಒಬ್ಬ ಅಡ್ಮಿರಲ್.”

“ಮನೆಗೊಬ್ಬ ಯಜಮಾನ, ಊರ್ಗೊಬ್ಬ ಗೌಡ. ಇಲ್ಲೂ ಅದೇಯ.”

“ಗುಟ್ಟಾಗಿ ಓಗ್ಬೇಕಾದಾಗ ಎಲ್ಲಾರೂ ಬಾಯಿ ಮುಚ್ಕಬೇಕು. ಒಂದು ಸಿಗ್ನಲ್ಲೂ ಒರಗ ಓಗಾಂಗಿಲ್ಲ, ಓದ್ರ ಎಲ್ಲಿದ್ದರು ಅಂತ ಗೊತ್ತಾಯ್ತದ. ಆದ್ರ ದಡದಿಂದ ಕಳುಸ್ದ್ ಸುದ್ದಿ ಒಳಕ್ಕ ಬತ್ತದ.” ಶಶಿಕುಮಾರ ತಲೆ ಎತ್ತದೆ ದನಿ ಏರಿಸಿದ. “ಒತ್ತಿಗ ಸರ್ಯಾಗಿ ಕಳುಸ್ದ್ರ ಬತ್ತದ.”

ಬಾವಿ ಕಡೆಯಿಂದ ನೀರಿನ ಕೊಡ ಹೊತ್ತು ಬರುತ್ತಿದ್ದ ಅಣ್ಣ ಮರಿಮಲ್ಲಪ್ಪ ಒಂದು ಕ್ಷಣ ನಿಂತ. ನೀರು ತುಳುಕಿ ಅವನ ಪಂಚೆ ಒದ್ದೆಯಾಯಿತು. ಹಾಗೇ ಒಳಗೆ ಹೋದ.

ಚಂದ್ರಕುಮಾರ್ ನೆಲದ ಮೇಲಿನ ಅಡಿಕೆಯನ್ನೇ ನೋಡುತ್ತ ಕೂತ. ಮೂರು ವರ್ಷದ ಹಿಂದಿನ ಆ ದಿನ ಅದರ ಹೊಟ್ಟೆಯೊಳಗೆ, ಕಿಟಕಿಯಿಲ್ಲದ ತಣ್ಣನೆ ಕೊಠಡಿಯಲ್ಲಿ ಅವನಿದ್ದ. ಸಂಜೆ ಐದರಿಂದ ಹಡಗುಗಳ ಇಡೀ ಗುಂಪಿಗೆ ರೇಡಿಯೋ ಮೌನ ಎಂದು ಆದೇಶವಾಗಿತ್ತು. ಎಷ್ಟು ದಿನ ಎಂದು ಯಾರೂ ಹೇಳಿರಲಿಲ್ಲ. ಇದು ಸಮರಾಭ್ಯಾಸವಲ್ಲ ಎಂದು ಮಾತ್ರ ಎಲ್ಲರಿಗೂ ತಿಳಿದಿತ್ತು. ದಡಕ್ಕೆ ಹೋಗುವ ಕೊನೆಯ ಹೆಲಿಕಾಪ್ಟರ್ ನಾಲ್ಕಕ್ಕೆ. ಮಧ್ಯಾಹ್ನ ಎರಡು ಇಪ್ಪತ್ತಕ್ಕೆ ಸಂದೇಶ ಬಂತು: ಶಶಿಕುಮಾರನ ತಂದೆಗೆ ಸೀರಿಯಸ್, ಕೂಡಲೇ ಕಳಿಸಿ, ಕಳಿಸಿದವರು ಅಣ್ಣ. ವಿಚಾರಿಸಿ ನೋಡಿದ್ದೇವೆ ಎಂದು ದಡದ ಕಚೇರಿ ಸೇರಿಸುವ ಸಾಲು ಅದರಲ್ಲಿ ಇರಲಿಲ್ಲ.

ಅಂಥ ಕಾಗದವನ್ನು ಕೂಡಲೇ ಡ್ಯೂಟಿ ಅಧಿಕಾರಿಗೆ ಕೊಡಬೇಕು. ಅಲ್ಲಿಂದ ಕಮಾಂಡರ್, ಕ್ಯಾಪ್ಟನ್, ಅಗತ್ಯವಿದ್ದರೆ ಅಡ್ಮಿರಲ್. ಅದು ನಿಜವೋ ಸುಳ್ಳೋ ಎಂದು ಯೋಚಿಸುವುದು ರೇಡಿಯೋದವನ ಕೆಲಸವಲ್ಲ. ಆದರೆ ಎರಡು ದಿನದ ಹಿಂದೆಯಷ್ಟೇ ಊಟದ ಸಾಲಿನಲ್ಲಿ ನಿಂತಾಗ ಶಶಿಕುಮಾರ ಅವನ ಕಿವಿಯ ಹತ್ತಿರ ಬಗ್ಗಿ ಹೇಳಿದ್ದ: “ತಂಗಿ ಹರ್ಷಿತಂಗ ಮದುವೆ ಒಪ್ಪಂದದ ಶಾಸ್ತ್ರ ಇಟ್ಕಂಡವರ ಸಾ. ರಜ ಕೊಡ್ನಿಲ್ಲ. ಅಪ್ಪಂಗ ಸೀರಿಯಸ್ ಅಂತ ಒಂದು ಬುಡು ಅಂತ ಅಣ್ಣಂಗ ಏಳ್ಬುಡ್ಲಾ?” ಇಬ್ಬರೂ ನಕ್ಕಿದ್ದರು. ಊರ ಕಡೆಯ ಆ ಉಪಾಯ ಚಂದ್ರಕುಮಾರನಿಗೂ ಹೊಸದಲ್ಲ. ಅವನ ಮದುವೆ ಗೊತ್ತುಮಾಡಲು ಮನೆಯವರು ಅಜ್ಜಿಯನ್ನೂ ಒಮ್ಮೆ ಹಾಗೇ ಸುಳ್ಳುಸುಳ್ಳೇ ಹಾಸಿಗೆ ಹಿಡಿಸಿದ್ದರು. ಆದರೆ ಆ ತಿಂಗಳು ಇಂಥದೇ ಸುಳ್ಳಿಗೆ ಒಬ್ಬ ಹುಡುಗ ಶಿಕ್ಷೆ ಅನುಭವಿಸಿದ್ದ. ನಮ್ಮ ಕಡೆಯ ಹುಡುಗ ಸಿಕ್ಕಿಬೀಳುವುದು ಬೇಡ, ಮೊದಲು ಅವನನ್ನೇ ಒಂದು ಮಾತು ಕೇಳೋಣ ಎಂದು ಕಾಗದ ಮಡಿಸಿ ಜೇಬಿನಲ್ಲಿಟ್ಟುಕೊಂಡ.

ಶಶಿಕುಮಾರ ಆಗ ಮೇಲೆ ಡೆಕ್ಕಿನಲ್ಲಿದ್ದ. ವಿಮಾನಗಳು ಒಂದರ ಹಿಂದೆ ಒಂದು ಏರುತ್ತಿದ್ದವು. ಆ ಹೊತ್ತಿನಲ್ಲಿ ಅಲ್ಲಿರುವವನನ್ನು ಕರೆಯುವಂತಿಲ್ಲ, ಅವನ ಗಮನ ತಪ್ಪಿದರೆ ಪ್ರಾಣವೇ ಹೋಗುತ್ತದೆ. ಈಗ ಮುಗಿಯುತ್ತದೆ, ಈಗ ಮುಗಿಯುತ್ತದೆ ಎಂದು ಕಾದ. ನಾಲ್ಕಕ್ಕೆ ಹೆಲಿಕಾಪ್ಟರ್ ಹೋಯಿತು. ನಾಲ್ಕು ಮೂವತ್ತೈದಕ್ಕೆ ಎರಡನೇ ಸಂದೇಶ ಬಂತು. ಅದರಲ್ಲಿ ಆಸ್ಪತ್ರೆಯ ವೈದ್ಯರ ಹೆಸರಿತ್ತು, ವಿಚಾರಿಸಿದ ಸಾಲೂ ಇತ್ತು. ಅದನ್ನು ಹಿಡಿದು ಅವನು ಓಡಿದ. ಒಂದು ಗಂಟೆ ಮೊದಲು ಬಂದಿದ್ದರೆ ಎಂದು ಕ್ಯಾಪ್ಟನ್ ನಿಟ್ಟುಸಿರುಬಿಟ್ಟರು. ಜೇಬಿನಲ್ಲಿದ್ದ ಮೊದಲನೆಯದು ದಾಖಲೆ ಪುಸ್ತಕಕ್ಕೆ ಏರಲೇ ಇಲ್ಲ. ನಾಲ್ಕನೇ ದಿನ ಸಾವಿನ ಸುದ್ದಿ ಬಂದಾಗ ಅದನ್ನು ಹೇಳಿದವನೂ, ಇಡೀ ದಿನ ಹುಡುಗನ ಪಕ್ಕ ಕೂತವನೂ ಚಂದ್ರಕುಮಾರನೇ. ಶಶಿಕುಮಾರ ಊರು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದು, ಹಾಲುತುಪ್ಪ ಮುಗಿದು, ತಿಥಿಯ ಪೆಂಡಾಲನ್ನೂ ಬಿಚ್ಚಿದ್ದರು.

“ಬನ್ನಿ, ಎಡೆ ಇಟ್ಟಾಯ್ತು,” ಎಂದು ಹರ್ಷಿತಾ ಕರೆದಳು. ಅವಳ ಸೊಂಟದ ಮೇಲೆ ಮಗು ಇತ್ತು.

ಒಳಗೆ ಅಪ್ಪ ಮಹದೇವಪ್ಪನ ಫೋಟೋದ ಮುಂದೆ ದೊಡ್ಡ ಎಲೆ ಹಾಸಿ ಎಲ್ಲವನ್ನೂ ಬಡಿಸಿದ್ದರು. ಕಜ್ಜಾಯ, ಪಾಯಸ, ಅವರೆಕಾಳಿನ ಸಾರು, ಮುದ್ದೆ, ಪಕ್ಕದಲ್ಲಿ ಹೊಸ ಪಂಚೆ, ಒಂದು ಕಟ್ಟು ಹೊಗೆಸೊಪ್ಪು. ಅಣ್ಣ ಕರ್ಪೂರ ಹಚ್ಚಿದ. ತಮ್ಮ ಗೋಡೆ ಬದಿಯಲ್ಲಿ ನಿಂತು ಕೈ ಮುಗಿದ. ಎಲ್ಲರೂ ಹೊರಗೆ ಬಂದರು. ಮರಿಮಲ್ಲಪ್ಪ ಬಾಗಿಲು ಎಳೆದುಕೊಂಡ. ಹಿರಿಯರು ಬಂದು ಉಂಡುಹೋಗುವಷ್ಟು ಹೊತ್ತು ಬಾಗಿಲು ಮುಚ್ಚಿರಬೇಕು, ಹೊರಗಿದ್ದವರು ಗದ್ದಲ ಮಾಡಬಾರದು. ಆಮೇಲೆ ಹಿರಿಮಗ ಮೂರು ಸಲ ಚಪ್ಪಾಳೆ ತಟ್ಟಿ ತೆರೆಯುತ್ತಾನೆ.

ಅಂಗಳದಲ್ಲಿ ಮಧ್ಯಾಹ್ನದ ಬಿಸಿಲಿತ್ತು. ಅಣ್ಣ ಬಾಗಿಲ ಈ ಕಡೆ, ತಮ್ಮ ಆ ಕಡೆ. ಚಿಕ್ಕಬಸಮ್ಮ ಚಂದ್ರಕುಮಾರನ ಮುಖ ನೋಡಿದಳು. ಒಮ್ಮೆ ನೋಡಿ, ಕಣ್ಣು ತೆಗೆದು, ಮತ್ತೆ ನೋಡಿದಳು. ಹೇಗೆ ಶುರುಮಾಡಬೇಕೆಂದು ಅವನು ಮೂರು ವರ್ಷ ಯೋಚಿಸಿ ಕೂಡಿಸಿಟ್ಟಿದ್ದ ಮಾತುಗಳಲ್ಲಿ ಒಂದೂ ಈಗ ನೆನಪಾಗಲಿಲ್ಲ.

“ಶಶಿ, ನಿಮ್ಮಣ್ಣ ಬೆಳಗ್ಗೇನೇ ಕಳಿಸಿದ್ದ,” ಎಂದ.

ಶಶಿಕುಮಾರ ತಿರುಗಿ ನೋಡಿದ. “ಬುಡಿ ಸಾ. ಅವ್ವ ಏಳ್ಕೊಟ್ಟದ ನಿಮ್ಗ.”

“ಅವ್ವ ಹೇಳ್ಕೊಟ್ಟಿಲ್ಲ. ಎರಡು ಇಪ್ಪತ್ತಕ್ಕೆ ಬಂತು. ನನ್ನ ಕೈಗೇ ಬಂತು. ನೀನು ನೋಡಿದ್ದು ಎರಡನೇದು.”

“ಎಲ್ಡು ಇಪ್ಪತ್ತಕ್ಕಾ?”

“ಹೂಂ.”

“ನಾಕಕ್ಕಲ್ವಾ ಸಾ ಹೆಲಿಕಾಪ್ಟರ್ ಓದದ್ದು?”

“ಹೂಂ. ಜೇಬಲ್ಲಿ ಇಟ್ಕೊಂಡಿದ್ದೆ. ಆಮೇಲೆ ಹರಿದುಹಾಕ್ದೆ.”

ಚಿಕ್ಕಮಾದಯ್ಯ ಕೆಮ್ಮಲು ಹೋಗಿ ಬಾಯಿಗೆ ಟವಲು ಒತ್ತಿಕೊಂಡ. ಶಶಿಕುಮಾರ ಹತ್ತಿರ ಬಂದ. ಹೊಡೆಯುತ್ತಾನೆ ಎಂದುಕೊಂಡ ಚಂದ್ರಕುಮಾರ್. ಹೊಡೆದರೆ ಒಳ್ಳೆಯದು ಎಂದೂ ಅನ್ನಿಸಿತು.

“ಯಾಕ ಸಾ?”

“ಸುಳ್ಳು ಸುದ್ದಿ ಅಂದ್ಕೊಂಡೆ.”

“ನನ್ನಪ್ಪಂಗ ಸೀರಿಯಸ್ ಅಂದ್ರ ಸುಳ್ಳು ಅಂತ ನೀವ್ಯಾಕ ಅಂದ್ಕಂಡ್ರಿ?”

ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ಚಂದ್ರಕುಮಾರ್ ಅದನ್ನು ನುಂಗಿಕೊಂಡ. “ನನ್ನ ತಪ್ಪು,” ಎಂದಷ್ಟೇ ಹೇಳಿದ. “ಬೇರೆ ಯಾರದ್ದೂ ಅಲ್ಲ.”

ಶಶಿಕುಮಾರ ಅವನನ್ನೇ ನೋಡುತ್ತಿದ್ದ. ಮತ್ತೇನೋ ಕೇಳಲು ತೆರೆದ ಬಾಯಿ ಹಾಗೇ ನಿಂತಿತು. ಅವನ ಕಣ್ಣು ತಂಗಿಯ ಕಡೆ, ಅವಳ ಸೊಂಟದ ಮಗುವಿನ ಕಡೆ ಹೊರಳಿತು. ಮೆಲ್ಲಗೆ ಜಗಲಿಯ ಅಂಚಿಗೆ ಕೂತ. ಅವರೆಕಾಳುಗಳು ಅವನ ಕಾಲಡಿ ಚೆದುರಿದವು.

“ಊಟದ ಲೈನಲ್ಲಿ,” ಎಂದ. “ನಾನು ತಮಾಸಿಗ ಅಂದಿದ್ದಿ ಸಾ.”

ಚಂದ್ರಕುಮಾರ್ ತಲೆ ತಗ್ಗಿಸಿದ. ಇಲ್ಲ, ಅದಲ್ಲ ಎಂದು ಹೇಳಬೇಕಿತ್ತು. ಇನ್ನೊಂದು ಸುಳ್ಳು ಬಾಯಿಂದ ಬರಲಿಲ್ಲ.

“ಎಲ್ಡು ಇಪ್ಪತ್ತು ಅಂದ್ರಾ?” ಎಂದು ಚಿಕ್ಕಬಸಮ್ಮ ಕೇಳಿದಳು. ಯಾರನ್ನು ಕೇಳಿದಳೋ ತಿಳಿಯಲಿಲ್ಲ. “ಆಗ ಚೆಂದಾಗಿ ಮಾತಾಡ್ತಿದ್ರು. ಮಾರನೆ ದಿನ್ವೂ ಮಾತಾಡುದ್ರು. ಎಲ್ಡು ಲೋಟ ಗಂಜಿ ಕುಡುದ್ರು. ಶಶಿ ಬಂದ್ನಾ ಅಂದ್ರು. ಬತ್ತಾವ್ನ, ದಾರೀಲಿ ಅವ್ನ ಅಂದಿ. ಮೂರು ದಿನ್ವೂ ಅದ್ನೇ ಅಂದಿ.”

ಬಾಗಿಲ ಸಂದಿಯಿಂದ ಊದುಬತ್ತಿಯ ಹೊಗೆ ಎಳೆಎಳೆಯಾಗಿ ಹೊರಗೆ ಬರುತ್ತಿತ್ತು.

ಮರಿಮಲ್ಲಪ್ಪ ಬಾಗಿಲು ಬಿಟ್ಟು ಈಚೆ ಬಂದ. ಚಂದ್ರಕುಮಾರನ ಮುಂದೆಯೇ ಹಾದುಹೋದರೂ ಅವನ ಕಡೆ ನೋಡಲಿಲ್ಲ. ತಮ್ಮನ ಎದುರು ಬಂದು, ಎಲ್ಲಿ ಕೈ ಇಡಬೇಕೆಂದು ತಿಳಿಯದವನಂತೆ ನಿಂತು, ಕೊನೆಗೆ ಬಗ್ಗಿ ಚೆದುರಿದ ಅವರೆಕಾಳನ್ನು ಆರಿಸಿ ಮೊರಕ್ಕೆ ಹಾಕತೊಡಗಿದ.

“ತಮಾಸಿಗ ಅಂದದ್ದು ಕಣ್ಲಾ,” ಎಂದ. “ಬುಡು.”

ಶಶಿಕುಮಾರ ಮೊಣಕಾಲುಗಳ ನಡುವೆ ಮುಖ ಹುದುಗಿಸಿದ. ಅವನ ಬೆನ್ನು ಅಲುಗುತ್ತಿತ್ತು, ದನಿ ಬರಲಿಲ್ಲ. ಎಡೆಯ ಹೊತ್ತಿನಲ್ಲಿ ಗದ್ದಲ ಮಾಡಬಾರದೆಂದು ಅವನಿಗೆ ಗೊತ್ತಿತ್ತು.

ಬಹಳ ಹೊತ್ತಾದ ಮೇಲೆ ಚಿಕ್ಕಬಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಬಾಗ್ಲ ತಗೀಲಾ ಮಲ್ಲ. ಅವ್ರ ಊಟ ಆಗಿರ್ತದ.”

ಮರಿಮಲ್ಲಪ್ಪ ಮೂರು ಸಲ ಚಪ್ಪಾಳೆ ತಟ್ಟಿ ಬಾಗಿಲು ದೂಡಿದ. ಒಳಗೆ ಎಲ್ಲವೂ ಬಡಿಸಿದಂತೆಯೇ ಇತ್ತು. ಎಲೆಯ ಅಂಚು ಸ್ವಲ್ಪ ಸುರುಟಿಕೊಂಡಿತ್ತು. ಲೋಟದ ನೀರು ಕಂಠದವರೆಗೂ ಹಾಗೇ ಇತ್ತು. ಅಣ್ಣ ಒಳಗೆ ಹೋದ. ತಂಗಿ ಶಶಿಕುಮಾರನ ತೋಳು ಹಿಡಿದು ಎಬ್ಬಿಸಿ ಕರೆದುಕೊಂಡು ಹೋದಳು.

ಚಂದ್ರಕುಮಾರ್ ಹೊಸ್ತಿಲ ಹೊರಗೇ ಉಳಿದ. ಬನ್ನಿ ಎಂದು ಯಾರೂ ಅನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ದೊಡ್ಡ ರಸ್ತೆಯಲ್ಲಿ ಗುಂಡ್ಲುಪೇಟೆಯ ಬಸ್ಸು ಹಾರನ್ ಹಾಕುತ್ತ ನಿಂತಿತು. ಅಭ್ಯಾಸದಂತೆ ಅವನ ಎಡಗೈ ಮೇಲೆದ್ದಿತು. ಗಡಿಯಾರ ನೋಡದೆ ತೋಳನ್ನು ಕೆಳಕ್ಕೆ ಎಳೆದುಕೊಂಡ.

ಒಳಗೆ ಚಿಕ್ಕಬಸಮ್ಮ ಸಾಲಾಗಿ ಎಲೆ ಹಾಕುತ್ತಿದ್ದಳು. ದೊಡ್ಡವನಿಗೆ ಒಂದು, ಪಕ್ಕದಲ್ಲೇ ಚಿಕ್ಕವನಿಗೆ ಒಂದು. ಸ್ವಲ್ಪ ತಡೆದು, ಆಚೆಗೆ ಇನ್ನೊಂದನ್ನು ಹಾಕಿದಳು. ಹೊಸ್ತಿಲ ಕಡೆ ತಿರುಗಿ ನೋಡಲಿಲ್ಲ. ಮೂರನೆಯ ಎಲೆಗೆ ನೀರು ಚಿಮುಕಿಸಿ ಅಂಗೈಯಿಂದ ಒರೆಸಿದಳು. ಒರೆಸಿ ಮುಗಿದ ಮೇಲೂ ಒರೆಸುತ್ತಲೇ ಇದ್ದಳು.