ಮೆಲ್ವಾಳ ಲೋಟಕ್ಕೆ ಒಂದು ವೈನ್

ಕ್ರಿಸ್ಪಿನ್ ತೆಹೆರಿನಾ ನಮ್ಮ ಅಂಗಳಕ್ಕೆ ಮೊದಲ ಸಲ ಬಂದದ್ದು ಮಾರ್ಚ್ ತಿಂಗಳ ಒಂದು ಮಂಗಳವಾರ, ದ್ರಾಕ್ಷಿ ಕೊಯ್ಲು ಇನ್ನೂ ಮುಗಿದಿರಲಿಲ್ಲ. ನೀರಿನ ಪಂಪು ರಿಪೇರಿ ಮಾಡುವವನು. ಕೈಯಲ್ಲಿ ಹೆಲ್ಮೆಟ್ಟು, ಉಗುರಿನ ಸಂದಿಯಲ್ಲಿ ಗ್ರೀಸು. ಮಗಳು ಅರಾಸೆಲಿಗೆ ಏಪ್ರಿಲ್ ಕೊನೆಗೆ ಹದಿನೈದು ತುಂಬುತ್ತದೆ, ಶನಿವಾರ ಮಧ್ಯಾಹ್ನ ನೂರಿಪ್ಪತ್ತು ಜನಕ್ಕೆ ಊಟ ಆಗಬೇಕು ಎಂದ. ನಮ್ಮ ತಾರಿಹಾ ಕಣಿವೆಯಲ್ಲಿ ಹೆಣ್ಣುಮಗಳ ಹದಿನೈದು ಎಂದರೆ ಮದುವೆಗಿಂತ ಕಡಿಮೆಯ ಮಾತಲ್ಲ.

ಸಮಾರಂಭಗಳಿಗೆ ಅಡುಗೆ ವಹಿಸಿಕೊಳ್ಳುವುದು ನಮ್ಮ ಕೆಲಸ. ಒಲೆ ನನ್ನ ನಾದಿನಿ ಕಾಸ್ತಾಳದು, ವೈನು ನನ್ನದು. ನನ್ನ ಗಂಡ ತೀರಿಕೊಂಡ ವರ್ಷ ಇಬ್ಬರೂ ಸೇರಿ ಶುರು ಮಾಡಿದ್ದು. ಈಗ ಹನ್ನೊಂದು ವರ್ಷವಾಯಿತು. ಬಂದವರನ್ನು ನಾನು ಕೇಳುವ ಪ್ರಶ್ನೆಗಳು ಯಾವಾಗಲೂ ಒಂದೇ. ಊಟಕ್ಕೆ ಹಂದಿಯೋ ಕೋಳಿಯೋ, ಮುದುಕರೆಷ್ಟು, ಕುಡಿಯದವರೆಷ್ಟು, ನೆರಳು ಇದೆಯೋ ಇಲ್ಲವೋ. ಬಿಸಿಲಲ್ಲಿ ನಡೆದು ಬಂದವರ ಕೈಗೆ ಮೊದಲು ತಣ್ಣಗಿನ ಬಿಳಿ ವೈನು ಕೊಡಬೇಕು. ಒಲೆಯಲ್ಲಿ ಸುಟ್ಟ ಹಂದಿಗೆ ಒಗರಾದ ಕಪ್ಪು ವೈನು. ಮುದುಕರಿಗೆ ಕಾಲಲ್ಲಿ ತುಳಿದು ಮಾಡಿದ ಸಿಹಿ ವೈನು ಇಲ್ಲದಿದ್ದರೆ ಊಟ ಮಾಡಿದ ಹಾಗೇ ಆಗುವುದಿಲ್ಲ. ಕ್ರಿಸ್ಪಿನ್ ಎಲ್ಲಕ್ಕೂ ಚಕಚಕನೆ ಉತ್ತರ ಕೊಟ್ಟ. ಕೊನೆಗೆ, ಮನೆಯೊಡತಿ ಏನು ಕುಡಿಯುತ್ತಾರೆ ಎಂದೆ. ಅವನು ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ.

"ಒಂಬತ್ತು ವರ್ಷದ ಹಿಂದೆ ಸಿಹಿ ಕೆಂಪು ಕುಡೀತಿದ್ಲು ಅಕ್ಕಾ, ಸೋಡಾ ಬೆರೆಸ್ಕೊಂಡು. ಈಗ ಗೊತ್ತಿಲ್ಲ."

ಅವನ ಹೆಂಡತಿ ಮೆಲ್ವಾ ಸ್ಪೇನ್ ದೇಶದ ಸಾರಾಗೋಸಾದಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸಕ್ಕಿದ್ದಳು. ಹೋದಾಗ ಅರಾಸೆಲಿಗೆ ಆರು ವರ್ಷ. ಅಲ್ಲಿನ ಕಾಗದಪತ್ರ ಕೈಗೆ ಬರದೆ ಊರಿಗೆ ಬಂದರೆ ಮತ್ತೆ ಒಳಗೆ ಬಿಡುವುದಿಲ್ಲ. ಹಾಗಾಗಿ ಬಂದೇ ಇರಲಿಲ್ಲ. ಈಗ ಕಾಗದ ಸಿಕ್ಕಿದೆ, ಮಗಳ ಹದಿನೈದಕ್ಕೆ ನಲವತ್ತು ದಿನ ರಜೆ ಹಾಕಿ ಬರುತ್ತಿದ್ದಾಳೆ. ಫೋನು ಮಾಡಿ ಅವಳನ್ನೇ ಕೇಳಬಹುದಲ್ಲ ಎಂದೆ.

"ಕೇಳಿದ್ರೆ, ಯಾವುದಾದ್ರೂ ಆಗುತ್ತೆ ಅಂತಾಳೆ. ಒಂಬತ್ತು ವರ್ಷದಿಂದ ಎಲ್ಲಾದಕ್ಕೂ ಅದನ್ನೇ ಅಂತಾಳೆ."

ಹೀಗೆ ಅವನು ಪ್ರತಿ ಮಂಗಳವಾರ ಬರತೊಡಗಿದ. ಅತಿಥಿಗಳ ವೈನು ಮೊದಲ ದಿನವೇ ತೀರ್ಮಾನವಾಗಿತ್ತು. ಉಳಿದದ್ದು ಮೆಲ್ವಾಳ ಒಂದು ಲೋಟ. ನಾನು ಮೇಜಿನ ಮೇಲೆ ನಾಲ್ಕೈದು ಸಾಲಾಗಿ ಇಡುತ್ತಿದ್ದೆ. ಅವನಿಗೆ ವೈನಿನ ಗಂಧಗಾಳಿ ಇರಲಿಲ್ಲ. ಮೊದಲ ವಾರ, "ಎಲ್ಲಾ ಒಂದೇ ಥರ ಇದೆ. ಇದೊಂದಕ್ಕೆ ಮಾತ್ರ ಸ್ವಲ್ಪ ಕೋಪ ಜಾಸ್ತಿ" ಎಂದಿದ್ದ. ಗಾಜಿನ ಲೋಟವನ್ನು ಸ್ಪ್ಯಾನರು ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿಯುತ್ತಿದ್ದ. ಲೋಟದ ಕಾಲು ಹಿಡಿಯಬೇಕು, ಹೊಟ್ಟೆ ಹಿಡಿದರೆ ವೈನು ಬೆಚ್ಚಗಾಗುತ್ತದೆ ಎಂದು ತೋರಿಸಿಕೊಟ್ಟೆ. ಮೂರನೇ ವಾರದ ಹೊತ್ತಿಗೆ ಕಣ್ಣು ಮುಚ್ಚಿ ಮೂಸಿ, ಇದು ಒಣಗಿದ್ದು, ಸಿಹಿಯೇ ಇಲ್ಲ, ಇದು ಸಿಹಿ, ಇದು ಕೆಟ್ಟಿದೆ ಎಂದು ಹೇಳುವಷ್ಟಾಗಿದ್ದ.

ಒಂದೊಂದು ಗುಟುಕಿಗೂ ಅವನಿಗೆ ಅವಳ ಏನಾದರೊಂದು ನೆನಪಾಗುತ್ತಿತ್ತು. ಕುಡಿದರೆ ಕಿವಿ ಕೆಂಪಾಗುತ್ತಿತ್ತಂತೆ. ನಗು ಬಂದರೆ ಅಂಗೈಯಲ್ಲಲ್ಲ, ಮೊಣಕೈಯಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳಂತೆ. ಹೊರಡುವ ದಿನ ಮಗುವಿನ ಜಡೆ ಮೂರು ಸಲ ಬಿಚ್ಚಿ ಮೂರು ಸಲ ಹೆಣೆದಳಂತೆ. ಇಷ್ಟು ವರ್ಷ ಇದನ್ನೆಲ್ಲ ಅವನು ಯಾರ ಹತ್ತಿರ ಹೇಳಿದ್ದನೋ. ನಾನು ಕೇಳುತ್ತಾ ಕೂತಿರುತ್ತಿದ್ದೆ. ಒಂದು ಹೆಂಗಸನ್ನು ಇಷ್ಟು ವಿವರವಾಗಿ ನೆನಪಿಟ್ಟುಕೊಳ್ಳುವ ಗಂಡಸನ್ನು ನಾನು ನೋಡಿರಲಿಲ್ಲ. ಯಾವಾಗ ಶುರುವಾಯಿತೋ ತಿಳಿಯದು, ಸೋಮವಾರ ಸಂಜೆಯೇ ನನ್ನ ಮನಸ್ಸು ನಾಳೆಯನ್ನು ಎದುರು ನೋಡುತ್ತಿತ್ತು.

ಕಾಸ್ತಾಳ ಕಣ್ಣಿಗೆ ಯಾವುದೂ ತಪ್ಪುವುದಿಲ್ಲ. ಈರುಳ್ಳಿ ಹೆಚ್ಚುತ್ತಾ ತಲೆ ಎತ್ತದೆಯೇ ಅಂದಳು: "ಮಂಗಳವಾರ ಬಂತು ಅಂದ್ರೆ ಅತ್ತಿಗೆ ಕೈಗೆ ಬಾಚಣಿಗೆ ಸಿಗುತ್ತಪ್ಪ. ಬಾಕಿ ದಿನ ಅದೆಲ್ಲಿ ಕಳೆದು ಹೋಗಿರುತ್ತೋ."

ಕ್ರಿಸ್ಪಿನ್ ನನ್ನನ್ನು ಎರ್ಲಿಂದಕ್ಕಾ ಎನ್ನುತ್ತಿದ್ದ. ಅವನಿಗಿಂತ ಮೂರು ವರ್ಷಕ್ಕೆ ದೊಡ್ಡವಳು ನಾನು, ಹಾಗೆನ್ನುವುದು ಸರಿಯೇ. ಮೊದಮೊದಲು ಆ ಅಕ್ಕ ಎಂಬುದು ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಆಮೇಲಾಮೇಲೆ ಚುಚ್ಚತೊಡಗಿತು.

ನಾಲ್ಕನೇ ವಾರ ಅವನು ಸೋತು ಕೂತ. ಮೆಲ್ವಾ ಕುಡಿಯುತ್ತಿದ್ದದ್ದು ಅವಳ ಅಪ್ಪನ ತೋಟದ್ದು. ಕಣಿವೆಯಲ್ಲಿ ಮೊಯೆ ಮರಗಳಿಗೆ ಹಬ್ಬಿಸಿದ ಹಳೆಯ ಕಪ್ಪು ಬಳ್ಳಿಗಳು. ಅಪ್ಪ ಸತ್ತ, ಅಣ್ಣಂದಿರು ತೋಟ ಮಾರಿದರು, ಈಗ ಅಲ್ಲಿ ಸೈಟುಗಳ ಕಲ್ಲು ನೆಟ್ಟಿದ್ದಾರೆ. ಆ ರುಚಿ ಇನ್ನೆಲ್ಲಿಂದ ತರಲಿ ಎಂದ. ನಾನು ಎರಡು ದಿನ ಫೋನು ಹಿಡಿದು ಕೂತೆ. ಕಣಿವೆಯಲ್ಲಿ ನನಗೆ ಪರಿಚಯವಿಲ್ಲದ ಪೀಪಾಯಿ ಇಲ್ಲ. ಆ ತೋಟದ ಪಕ್ಕದಲ್ಲೇ ಇದ್ದ ಪೆತ್ರೋನಾ ಎಂಬ ಮುದುಕಿ ಅದೇ ಬಳ್ಳಿಯ ಕಡ್ಡಿಗಳನ್ನು ತಂದು ನೆಟ್ಟುಕೊಂಡಿದ್ದಾಳೆ, ಈಗಲೂ ವರ್ಷಕ್ಕೆ ಎರಡು ಪೀಪಾಯಿ ಮಾಡುತ್ತಾಳೆ ಎಂದು ತಿಳಿಯಿತು.

ಐದನೇ ಮಂಗಳವಾರ ಅವನ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಹೋದೆ. ಕೂರುವ ಮೊದಲು ಏನು ಹಿಡಿದುಕೊಳ್ಳುವುದೆಂದು ತೋಚಲಿಲ್ಲ. ಸೀಟಿನ ಕೆಳಗಿನ ಕಂಬಿ ಹಿಡಿದುಕೊಂಡೆ. ಮಣ್ಣಿನ ರಸ್ತೆ ಬಂದ ಮೇಲೆ ಅದು ಸಾಲಲಿಲ್ಲ, ಅವನ ಜಾಕೆಟ್ಟು ಹಿಡಿದೆ. ದಾರಿಯುದ್ದಕ್ಕೂ ಕೊಯ್ಲು ಮುಗಿದ ತೋಟಗಳಲ್ಲಿ ಎಲೆ ಹಳದಿಯಾಗುತ್ತಿತ್ತು. ನನಗೆ ನಲವತ್ತನಾಲ್ಕು ವರ್ಷ. ಈ ರಸ್ತೆ ಇನ್ನೂ ಸ್ವಲ್ಪ ಉದ್ದವಿರಬಾರದಿತ್ತೇ ಅನ್ನಿಸಿತು.

ಪೆತ್ರೋನಾ ಮಣ್ಣಿನ ಹೂಜಿಯಲ್ಲಿ ವೈನು ತಂದಳು. ಮೊದಲು ನಾಲ್ಕು ಹನಿ ಭೂಮಿತಾಯಿಗೆ ಚೆಲ್ಲಿ, ಆಮೇಲೆ ನಮಗೆ ಕೊಟ್ಟಳು. ನನ್ನ ಬಾಯಿಗೆ ತೀರಾ ಸಿಹಿಯೇ, ಆದರೆ ಅಡಿಯಲ್ಲಿ ಒಂದು ಕಾಡು ವಾಸನೆ ಇತ್ತು. ಕ್ರಿಸ್ಪಿನ್ ಗುಟುಕು ನುಂಗಿದವನೇ ಗೋಡೆಯ ಕಡೆ ತಿರುಗಿ ನಿಂತ. ಮುದುಕಿ ನಮ್ಮಿಬ್ಬರನ್ನೂ ನೋಡಿ, "ಒಳ್ಳೇ ಜೋಡಿ ಕಣವ್ವ. ಗಂಡನಿಗೆ ಬಾಯಿ ರುಚಿ ಚೆನ್ನಾಗಿ ಕಲಿಸಿದೀಯ" ಎಂದಳು. ನಾನು ಇಲ್ಲ ಎನ್ನಬೇಕಿತ್ತು. ಅವನಾದರೂ ಹೇಳುತ್ತಾನೆಂದು ಕಾದೆ. ಅವನಿಗೆ ಕೇಳಿಸಿತೋ ಇಲ್ಲವೋ. ಕ್ಯಾನುಗಳಿಗೆ ವೈನು ತುಂಬಿಸಿಕೊಂಡು ಹೊರಟೆವು. ಆ ಎರಡು ಮಾತನ್ನು ನಾನು ಎಷ್ಟು ದಿನ ಒಳಗೊಳಗೇ ಹೊರಳಿಸುತ್ತಿದ್ದೆ ಎಂದು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಶನಿವಾರ ಬಂತು. ಊಟ ಕ್ರಿಸ್ಪಿನ್‌ನ ಮನೆಯಂಗಳದಲ್ಲಿ. ಮೆಲ್ವಾ ನಾನು ಊಹಿಸಿದ್ದಕ್ಕಿಂತ ಚಿಕ್ಕ ಆಳು, ತೆಳ್ಳಗೆ, ಕೂದಲು ಕುತ್ತಿಗೆವರೆಗೆ ಕತ್ತರಿಸಿದ್ದಳು. ಮಗಳು ಅವಳಿಗಿಂತ ಎತ್ತರವಾಗಿದ್ದಳು. ಮಗಳಿಗೆ ಎತ್ತರ ಹಿಮ್ಮಡಿಯ ಚಪ್ಪಲಿ ತೊಡಿಸುವ ಶಾಸ್ತ್ರದಲ್ಲಿ ಮೆಲ್ವಾಳಿಗೆ ಬಕಲ್ಲು ಹಾಕಲಾಗಲಿಲ್ಲ, ಅರಾಸೆಲಿಯೇ ಬಗ್ಗಿ ಹಾಕಿಕೊಂಡಳು. ಅಪ್ಪ ಮಗಳು ಕುಣಿದರು. ಕಾಸ್ತಾಳ ಹಂದಿ ಒಲೆಯಿಂದ ಬಂತು. ಆಗ ಕ್ರಿಸ್ಪಿನ್ ನನಗೆ ಸನ್ನೆ ಮಾಡಿದ. ನಾನು ಪೆತ್ರೋನಾಳ ವೈನನ್ನು ಮೆಲ್ವಾಳ ಲೋಟಕ್ಕೆ ಬಗ್ಗಿಸಿ, ಪಕ್ಕದಲ್ಲಿ ಸೋಡಾ ಇಟ್ಟೆ. ಇದು ನಿಮ್ಮಪ್ಪನ ಬಳ್ಳಿಯದು ಎಂದು ಅವನು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಅವಳು ಒಂದು ಗುಟುಕು ಕುಡಿದಳು, ಕಣ್ಣು ತುಂಬಿತು, ಜನ ಚಪ್ಪಾಳೆ ತಟ್ಟಿದರು.

ಲೋಟಗಳ ಮಟ್ಟ ನೋಡುವುದು ನನ್ನ ಉದ್ಯೋಗ. ಹಂದಿ ಮುಗಿದು ಸಿಹಿ ತಿಂಡಿ ಬಂದರೂ ಮೆಲ್ವಾಳ ಲೋಟ ಒಂದು ಬೆರಳೂ ಇಳಿದಿರಲಿಲ್ಲ. ಕ್ರಿಸ್ಪಿನ್ ಕೂಡ ಅದನ್ನೇ ನೋಡುತ್ತಿದ್ದ.

ಸ್ವಲ್ಪ ಹೊತ್ತಿಗೆ ಅವಳು ಲೋಟ ಹಿಡಿದುಕೊಂಡೇ ಹಿಂದಿನ ಚಪ್ಪರಕ್ಕೆ, ನಾನು ಲೋಟ ತೊಳೆಯುತ್ತಿದ್ದಲ್ಲಿಗೆ ಬಂದಳು. ಕುಡಿಯಲು ನೀರು ಕೇಳಿದಳು. ಕೊಟ್ಟೆ. ಕುಡಿದು ಅಲ್ಲೇ ನಿಂತಳು.

"ಅಕ್ಕಾ, ಒಂಬತ್ತು ವರ್ಷ ಇದೇ ರುಚಿ ನೆನೆಸ್ಕೊಂಡು ಮಲಗ್ತಿದ್ದೆ. ಈಗ ಬಾಯಿಗಿಟ್ರೆ ಗಂಟ್ಲಲ್ಲಿ ಇಳೀತಿಲ್ಲ. ಅಲ್ಲಿ ಅಜ್ಜಿ ದಿನಾ ಊಟಕ್ಕೆ ಮುಂಚೆ ಒಂದು ಚೂರು ಬಿಳೀದು ಕೊಡ್ತಾರೆ, ಒಣಗಿರೋದು. ಅದೇ ರೂಢಿ ಆಗೋಯ್ತು. ಇದು ನಮ್ಮಪ್ಪನ ಬಳ್ಳೀದೇನಾ? ನಿಜ ಹೇಳಿ."

ಒಂದು ಕ್ಷಣ, ಒಂದೇ ಕ್ಷಣ, ಅಲ್ಲ ಎನ್ನಬಹುದಿತ್ತು. ನಿಮ್ಮವರಿಗೆ ಗೊತ್ತಾಗಲಿಲ್ಲ, ಯಾರೋ ಏನೋ ಕೊಟ್ಟು ಕಳಿಸಿದ್ದಾರೆ ಎಂದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ತಪ್ಪು ಅವನ ಮೇಲೆ ಕೂರುತ್ತಿತ್ತು. ನನ್ನ ಮನಸ್ಸು ಆ ಕಡೆ ವಾಲಿದ್ದು ನಿಜ. ಕೈ ಒರೆಸಿಕೊಂಡೆ.

"ಅದೇ ಬಳ್ಳೀದು ತಾಯಿ. ನಾನೇ ಹೋಗಿ ನೋಡಿ ಬಂದಿದೀನಿ. ನಿಮ್ಮೆಜಮಾನ್ರು ಐದು ಮಂಗಳವಾರ ನಮ್ಮನೆ ಅಂಗಳಕ್ಕೆ ಬಂದಿದ್ರು. ವೈನಿಗೂ ವಿನೆಗರಿಗೂ ವ್ಯತ್ಯಾಸ ಗೊತ್ತಿರ್ಲಿಲ್ಲ ಅವ್ರಿಗೆ. ಬರೀ ನಿಮ್ಮ ಮಾತೇ ಆಡಿದ್ರು."

ಮೊಣಕೈ, ಕೆಂಪು ಕಿವಿ, ಮೂರು ಸಲ ಹೆಣೆದ ಜಡೆ, ಎಲ್ಲವನ್ನೂ ಹೇಳಿದೆ. ನಾನು ಕೂಡಿಟ್ಟುಕೊಂಡಿದ್ದದ್ದು ಅದಷ್ಟೇ. ಅದು ಅವಳದು, ಅವಳಿಗೇ ಕೊಟ್ಟೆ. ಅವಳು ಚಪ್ಪರದ ಕಂಬಕ್ಕೆ ಒರಗಿ ಕೇಳಿದಳು. ಅವರಿಗೆ ಹೇಗೆ ಹೇಳಲಿ, ಮನಸ್ಸು ಒಡೆದು ಹೋಗುತ್ತೆ ಎಂದಳು.

"ನೀವೇ ಹೇಳಿ. ನಿಮ್ಮ ಲೋಟ ಆಗ್ಲಿಂದ ನೋಡ್ತಾನೇ ಇದಾರೆ. ಗೊತ್ತಾಗದೆ ನೋಡ್ತಿರೋದೇ ಕಷ್ಟ."

ಅವಳು ಹೋಗಿ ಅವನ ಪಕ್ಕ ಕೂತಳು. ಚಪ್ಪರದ ಕಂಬದ ಸಂದಿಯಿಂದ ನನಗೆ ಕಾಣುತ್ತಿತ್ತು. ಅವಳು ಮಾತಾಡಿದಳು, ತುಂಬ ಹೊತ್ತು. ಬರೀ ವೈನಿನ ಮಾತಾಗಿರಲಾರದು. ಅವನು ತಲೆ ತಗ್ಗಿಸಿ ಕೇಳಿದ. ಆಮೇಲೆ ಅವಳ ಲೋಟವನ್ನು ಎತ್ತಿ ತಾನೇ ಪೂರ್ತಿ ಕುಡಿದ. ಅವಳು ಮೊಣಕೈಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ಅತ್ತಳೂ ಇರಬಹುದು. ಅವನು ಎದ್ದು ನನ್ನ ಹತ್ತಿರ ಬಂದ.

"ಎರ್ಲಿಂದಕ್ಕಾ, ಒಂದು ಬಿಳೀದು ಕೊಡಿ. ಇರೋದ್ರಲ್ಲೇ ಒಣಗಿದ್ದು."

ನೀರಿನ ತೊಟ್ಟಿಯಲ್ಲಿ ತಣ್ಣಗಿಟ್ಟಿದ್ದ ಬಾಟಲಿ ತೆಗೆದು ಬಗ್ಗಿಸಿದೆ. ಅವನು ಲೋಟದ ಕಾಲು ಹಿಡಿದು, ಒಂದು ಹನಿ ತುಳುಕದ ಹಾಗೆ ತೆಗೆದುಕೊಂಡು ಹೋದ. ಕಾಸ್ತಾ ನನ್ನ ಹಿಂದೆ ಬಂದು ನಿಂತಿದ್ದಳು. ನನ್ನ ಕೈಯಿಂದ ಒರೆಸುವ ಬಟ್ಟೆ ತೆಗೆದುಕೊಂಡು, ಉಳಿದ ಲೋಟಗಳನ್ನು ತಾನೇ ಒರೆಸತೊಡಗಿದಳು.

ನಲವತ್ತು ದಿನ ಮುಗಿದ ಮೇಲೆ ಮೆಲ್ವಾ ಹಿಂತಿರುಗಿದಳು. ಅಲ್ಲಿನ ಅಜ್ಜಿಗೆ ಬೇರೆ ಯಾರೂ ಇರಲಿಲ್ಲ. ಆದರೆ ಈ ಸಲ ಒಬ್ಬಳೇ ಇರುವುದಕ್ಕೆ ಹೋಗಲಿಲ್ಲ; ಗಂಡ, ಮಗಳನ್ನು ಕರೆಸಿಕೊಳ್ಳುವ ಅರ್ಜಿ ಹಾಕಿದಳು. ನವೆಂಬರಿನಲ್ಲಿ ಒಪ್ಪಿಗೆ ಬಂತು.

ಹೊರಡುವ ಮೂರು ದಿನ ಮೊದಲು ಕ್ರಿಸ್ಪಿನ್ ಹೇಳಿ ಹೋಗಲು ಬಂದ. ಪಂಪಿನ ಸಾಮಾನೆಲ್ಲ ತಮ್ಮನಿಗೆ ಕೊಟ್ಟೆ, ಅಲ್ಲಿ ಬಿಸಿನೀರಿನ ಬಾಯ್ಲರು ರಿಪೇರಿ ಕಲಿಯಬೇಕಂತೆ ಎಂದ. ಕೂತ್ಕೊಳ್ಳಿ ಎಂದೆ. ಆ ವರ್ಷದ ಕಪ್ಪು ವೈನು ಆಗಷ್ಟೇ ತೆರೆದಿದ್ದೆ, ಎರಡು ಲೋಟಕ್ಕೆ ಹಾಕಿದೆ. ಅದನ್ನು ಯಾರಿಗಾಗಿಯೂ ಆರಿಸಬೇಕಿರಲಿಲ್ಲ. ಸುಮ್ಮನೆ ಕುಡಿದೆವು. ಚೆನ್ನಾಗಿದೆ ಎಂದ. ಮುಂದಿನ ವರ್ಷಕ್ಕೆ ಇನ್ನೂ ಚೆನ್ನಾಗುತ್ತದೆ ಎಂದೆ. ಹೌದು, ಆಗುತ್ತೆ ಎಂದ. ತನ್ನ ಲೋಟ ತಾನೇ ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿ ಹೋದ.

ಆ ಮಧ್ಯಾಹ್ನ ನನಗೆ ಬೇರೆ ಕೆಲಸವಿರಲಿಲ್ಲ. ಬಾಟಲಿಯಲ್ಲಿ ಉಳಿದದ್ದನ್ನು ಅಂಗಳದಲ್ಲಿ ಕೂತು ನಿಧಾನವಾಗಿ ಒಬ್ಬಳೇ ಕುಡಿದೆ.